ಮೂವತ್ತು ಅಡಿ ರಸ್ತೆ

ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಅಮ್ಮ ಆರೇಳು ನಿಮಿಷದಲ್ಲಿ ನಡೆದು ಹೋಗುತ್ತಿದ್ದಳು. ನಮ್ಮ ಕ್ರಾಸಿನ ಕೊನೆ ದಾಟಿ, ಪಕ್ಕದ ಲೇಔಟಿನ ಒಂದು ರಸ್ತೆ ಹಿಡಿದರೆ ನೇರ ಮೇನ್ ರೋಡು. ನಡುವೆ ಎರಡು ಹೊಂಗೆ ಮರ, ಒಂದು ಗಣೇಶನ ಗುಡಿ. 16 ವರ್ಷದಿಂದ ಅದೇ ದಾರಿ. ಕಳೆದ ಶ್ರಾವಣದ ಒಂದು ಶನಿವಾರ ದೇವಸ್ಥಾನಕ್ಕೆಂದು ಹೊರಟವಳು ಹತ್ತೇ ನಿಮಿಷದಲ್ಲಿ ವಾಪಸ್ ಬಂದಳು. ಹೂವಿನ ಬುಟ್ಟಿ ಕೈಯಲ್ಲಿ ಹಾಗೇ ಇತ್ತು.

"ಗೇಟ್ ಹಾಕಿದಾರೆ ಕಣೇ. ಹೊರಗಿನೋರನ್ನ ಬಿಡಂಗಿಲ್ವಂತೆ."

ಕಾವಲಿಗೆ ಕೂತ ಹುಡುಗ ಎದ್ದು ನಿಂತು, "ನನ್ನ ಕೈಲೇನಿಲ್ಲ ಅಜ್ಜಿ" ಅಂದನಂತೆ. ಅವನ ಮೇಲೆ ಅಮ್ಮನಿಗೆ ಸಿಟ್ಟಿರಲಿಲ್ಲ. ನೋವಾದದ್ದು ಆ ಒಂದು ಮಾತಿಗೆ. ಹೊರಗಿನವರು. ಆ ಎರಡು ಹೊಂಗೆ ಮರ ಸಸಿಯಾಗಿದ್ದಾಗ, ಒಂದು ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಹಾಕಿದವಳು ಅವಳು.

ಈಗ ಬಸ್ ಸ್ಟಾಪಿಗೆ ಹೋಗಬೇಕಾದರೆ ಇನ್ನೊಂದು ಕಡೆಯಿಂದ ಸುತ್ತಬೇಕು. ಟ್ಯಾಂಕರ್ ಓಡಾಡುವ ರಸ್ತೆ, ಫುಟ್‌ಪಾತ್ ಇಲ್ಲ. 72 ವರ್ಷದ ಮಂಡಿಗೆ ಅದು 25 ನಿಮಿಷದ ದಾರಿ.

ಒಂದು ಭಾನುವಾರ ಆ ಲೇಔಟಿನ ಹಿರಿಯರೊಬ್ಬರ ಮನೆಗೆ ಹೋದೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವರು ಕೂರಿಸಿ ಕಾಫಿ ಕೊಟ್ಟರು. ಎರಡು ಬೈಕ್ ಕಳುವಾದದ್ದು ಹೇಳಿದರು. ಮಕ್ಕಳು ಆಡುವಾಗ ಗಾಡಿಗಳು ಜೋರಾಗಿ ನುಗ್ಗುವುದು ಹೇಳಿದರು. ಆಮೇಲೆ ಹೇಳಿದ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ನಿಮ್ಮ ಕಡೆ ಒಂದೊಂದು ಸೈಟಿಗೆ ಐದಾರು ಮನೆ ಕಟ್ಟಿದಾರೆ. ಅವರ ಗಾಡಿಗಳೆಲ್ಲ ರಾತ್ರಿ ನಮ್ಮ ರಸ್ತೇಲಿ ನಿಲ್ತಾವೆ. ನಾವೇನು ಮಾಡ್ಬೇಕು, ನೀನೇ ಹೇಳಮ್ಮ."

ವಾಪಸ್ ಬರುವಾಗ ನಮ್ಮ ಬೀದಿಯಲ್ಲಿ ಒಂದೊಂದೇ ಮನೆ ಮುಂದೆ ನಿಂತು ಕರೆಂಟ್ ಮೀಟರ್ ಎಣಿಸಿದೆ. 28 ಸೈಟ್. 151 ಮೀಟರ್. ಮೆಟ್ಟಿಲ ದೀಪಕ್ಕೆ, ಮೋಟಾರಿಗೆ ಅಂತ ಇರುವ ಮೀಟರ್ ಕಳೆದರೂ 120 ಸಂಸಾರಕ್ಕಿಂತ ಕಮ್ಮಿ ಇಲ್ಲ. ನಾವು ಬಂದ ಹೊಸತರಲ್ಲಿ ಹೆಚ್ಚೆಂದರೆ 20 ಮನೆ ಇದ್ದವು. ಅರ್ಧ ಬೀದಿ ಖಾಲಿ ಸೈಟ್. ಅದಕ್ಕೂ ಮುಂಚೆ ಇದು ರಾಗಿ ಹೊಲ. 2007ರಲ್ಲಿ ಬೆಂಗಳೂರು ಬೃಹತ್ ಬೆಂಗಳೂರಾದಾಗ 110 ಹಳ್ಳಿಗಳು ನಗರಕ್ಕೆ ಸೇರಿದವಲ್ವಾ, ಅದರಲ್ಲಿ ಒಂದು ನಮ್ಮದು.

ಆವತ್ತಿನಿಂದ ನನಗೆ ಒಂದೇ ಯೋಚನೆ. ಒಂದು ಬೀದಿಯಲ್ಲಿ ಎಷ್ಟು ಮನೆ ಇರಬಹುದು ಅಂತ ಯಾರು ತೀರ್ಮಾನ ಮಾಡುತ್ತಾರೆ? ಆ ಮನೆಗಳಿಂದ ಹೊರಗೆ ಬರುವ ಜನ ಯಾವ ದಾರಿಯಲ್ಲಿ ಹೋಗಬೇಕು ಅಂತ ಯಾರು ನೋಡುತ್ತಾರೆ?

ಮೊದಲನೆಯದಕ್ಕೆ ನಿಯಮ ಇದೆ. ನಗರದ 2015ರವರೆಗಿನ ಮಾಸ್ಟರ್ ಪ್ಲಾನ್. 2007ರಲ್ಲಿ ಒಪ್ಪಿಗೆಯಾದದ್ದು. ಅದರ ಮುಂದಿನದು, 2031ರದ್ದು, 2017ರಲ್ಲಿ ಕರಡಾಗಿ ಹೊರಬಂತು, ಆಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ಹಾಗಾಗಿ ಹಳೆಯದೇ ನಡೆದು ಬಂದಿದೆ. ಅದರಲ್ಲಿ ಎಫ್‌ಎಆರ್ ಅಂತ ಒಂದು ಲೆಕ್ಕ. ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವುದು. ಚಿಕ್ಕ ಸೈಟು, ಕಿರಿದಾದ ರಸ್ತೆ ಇದ್ದರೆ 1.75. ಸೈಟು ದೊಡ್ಡದಾದಂತೆ, ರಸ್ತೆ ಅಗಲವಾದಂತೆ ಏರುತ್ತಾ 3.25ರವರೆಗೆ ಹೋಗುತ್ತದೆ.

ನಮ್ಮ ಬೀದಿಗೆ ಇಟ್ಟು ನೋಡಿ. 30-40 ಸೈಟ್ ಅಂದರೆ 1,200 ಚದರಡಿ. 1.75ರಿಂದ ಗುಣಿಸಿದರೆ 2,100. ಮೇಸ್ತ್ರಿಗಳ ಮಾತಲ್ಲಿ 21 ಚದರ. ನೆಲದಲ್ಲಿ ಮುಕ್ಕಾಲು ಭಾಗ ಮಾತ್ರ ಮುಚ್ಚಬಹುದು, ಅಂದರೆ 900 ಚದರಡಿ. ಹಾಗಾಗಿ ಎರಡು ಮಹಡಿ ಪೂರ್ತಿ, ಮೂರನೆಯದರಲ್ಲಿ ಒಂದೆರಡು ರೂಮು. ಅಷ್ಟೇ. ನಮ್ಮ ಬೀದಿಯಲ್ಲಿ ಐದು ಮಹಡಿಯ ಮನೆ ಒಂಬತ್ತು ಇವೆ. ಸೆಟ್‌ಬ್ಯಾಕ್ ಅಂತ ಸುತ್ತ ಬಿಡಬೇಕಾದ ಖಾಲಿ ಜಾಗ ಬಿಡದೆ ಕಾಂಪೌಂಡಿನಿಂದ ಕಾಂಪೌಂಡಿಗೆ ಎಬ್ಬಿಸಿದ್ದು. ಕೊಟ್ಟ ಲೆಕ್ಕದ ಎರಡು ಪಟ್ಟಿಗಿಂತ ಜಾಸ್ತಿಯೇ ಆಗುತ್ತದೆ.

ಈ ನಿಯಮದ ಹಿಂದಿನ ಯೋಚನೆ ನನಗೆ ಇಷ್ಟವಾಯಿತು. ಮನೆ ಎಷ್ಟು ಎತ್ತರ ಏಳಬೇಕು ಅಂತ ಅದರ ಮುಂದಿನ ರಸ್ತೆ ಹೇಳಬೇಕು. ರಸ್ತೆ ಹೊರುವಷ್ಟೇ ಮನೆ. ಎಷ್ಟು ಸರಿಯಾದ ಮಾತು ಅಲ್ವಾ?

ಆದರೆ ರಸ್ತೆಯ ಅಗಲ ಅಂದರೆ ಏನು ಅಂತ ಅದೇ ನಿಯಮದಲ್ಲಿ ಬರೆದಿದೆ. ರಸ್ತೆಯ ಎರಡು ಗಡಿಗಳ ನಡುವಿನ ದೂರ. ಫುಟ್‌ಪಾತು, ಮೋರಿ ಎಲ್ಲ ಸೇರಿ. ಒಂದು ಬೆಳಿಗ್ಗೆ ನಾನು ಟೇಪ್ ಹಿಡಿದುಕೊಂಡು ಹೋದೆ. ಇನ್ನೊಂದು ತುದಿ ಅಮ್ಮ ಹಿಡಿದಳು. ಕಾಂಪೌಂಡಿನಿಂದ ಕಾಂಪೌಂಡಿಗೆ ಸರಿಯಾಗಿ 30 ಅಡಿ. ಕಾಗದದ ಪ್ರಕಾರ ಒಂದಿಂಚೂ ಕಮ್ಮಿ ಇಲ್ಲ. ಎರಡು ಕಡೆ ಮೋರಿಗೆ ಮೂರು ಮೂರು ಅಡಿ ಹೋಯಿತು. ಎರಡು ಕಡೆ ನಿಂತ ಕಾರಿಗೆ ಆರಾರು ಅಡಿ ಹೋಯಿತು. ನಡುವೆ 12 ಅಡಿ ಉಳಿಯಬೇಕು. ಒಳಗೆ ಕಾರು ಹತ್ತಿಸಲು ಮಾಡಿದ ರ‍್ಯಾಂಪು ಇರುವ ಕಡೆ ನಿಂತ ಕಾರು ಇನ್ನಷ್ಟು ಮುಂದೆ ಬರುತ್ತದೆ. ಅಲ್ಲಿ ಉಳಿದದ್ದು ಒಂಬತ್ತೂವರೆ ಅಡಿ. 120 ಸಂಸಾರ, ಶಾಲೆಯ ವ್ಯಾನು, ಕಸದ ಆಟೋ, ಗ್ಯಾಸ್ ಗಾಡಿ, ತಡರಾತ್ರಿ ಯಾರಿಗೋ ಎದೆನೋವು ಬಂದರೆ ಆಂಬುಲೆನ್ಸು, ಎಲ್ಲಕ್ಕೂ ಆ ಒಂಬತ್ತೂವರೆ ಅಡಿ. ಬೆಂಕಿ ಬಿದ್ದರೆ ಅಗ್ನಿಶಾಮಕದವರು ಗಾಡಿ ಮೂಲೆಯಲ್ಲೇ ಬಿಟ್ಟು ಪೈಪ್ ಎಳೆದುಕೊಂಡು ಬರಬೇಕು.

ಇನ್ನೊಂದು ಮಾತಿದೆ. ಎಫ್‌ಎಆರ್ ಅಳೆಯುವುದು ನೆಲವನ್ನು, ತಲೆಗಳನ್ನಲ್ಲ. 21 ಚದರದಲ್ಲಿ ಎರಡು ಸಂಸಾರ ಇರಬಹುದು. ಹತ್ತು ಸಿಂಗಲ್ ರೂಮೂ ಮಾಡಬಹುದು. ಪಿಜಿ ಮಾಡಿದರೆ? 2024ರ ಆಗಸ್ಟ್‌ನಲ್ಲಿ ಪಾಲಿಕೆ ಪಿಜಿಗಳಿಗೆ ನಿಯಮ ತಂದಿತು. ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ ಇರಬೇಕು, ದಿನಕ್ಕೆ 135 ಲೀಟರ್ ನೀರು ಇರಬೇಕು ಅಂತ. ಒಳ್ಳೆಯದೇ. ಆದರೆ ಅದೂ ಗೋಡೆಯ ಒಳಗಿನ ಮಾತು. ಬಾಗಿಲು ತೆಗೆದು ಹೊರಗೆ ಕಾಲಿಟ್ಟ ಮೇಲೆ ಒಬ್ಬರಿಗೆ ಎಷ್ಟು ಜಾಗ ಬೇಕು ಅಂತ ಯಾವ ಲೆಕ್ಕವೂ ಕೇಳುವುದಿಲ್ಲ.

ಇಷ್ಟು ಓದಿ, ಮಹಡಿಗಳನ್ನೆಲ್ಲ ಕೆಡವಬೇಕು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮ ಎದುರು ಮನೆ ಆಂಟಿಯ ಕಥೆ ಕೇಳಿ. ಯಜಮಾನರು ಹೋದ ಮೇಲೆ ಇದ್ದಬದ್ದ ದುಡ್ಡೆಲ್ಲ ಹಾಕಿ ಮೇಲೆ ಮೂರು ಮಹಡಿ ಎಬ್ಬಿಸಿದರು. "ಬಾಡಿಗೆ ಬರದಿದ್ರೆ ನಾನು ಮಗನ ಮುಂದೆ ಕೈ ಚಾಚ್ಬೇಕು ಕಣಮ್ಮ" ಅನ್ನುತ್ತಾರೆ. ಅವರ ಮೊದಲ ಮಹಡಿಯಲ್ಲಿ ನರ್ಸ್ ಕೆಲಸದ ಇಬ್ಬರು ಹಾಸನದ ಹುಡುಗಿಯರು. ಮೇಲೆ ರಾಯಚೂರಿನಿಂದ ಬಂದ ಸಂಸಾರ, ಗಂಡ ಊಟದ ಡೆಲಿವರಿ ಮಾಡುತ್ತಾನೆ. ಇವರಿಗೆಲ್ಲ ಈ ಊರಲ್ಲಿ ಮನೆ ಕೊಟ್ಟವರು ಯಾರು? ದೊಡ್ಡ ಅಪಾರ್ಟ್‌ಮೆಂಟ್‌ನವರು ಕೊಟ್ಟಿಲ್ಲ. ಆಂಟಿಯಂಥವರು, ನಿಯಮ ಮೀರಿ ಕಟ್ಟಿದ ಆ ಮೂರು ಮಹಡಿಗಳು ಕೊಟ್ಟವು. 2001ರ ಜನಗಣತಿಯಲ್ಲಿ ಬೆಂಗಳೂರಲ್ಲಿ ಸುಮಾರು 57 ಲಕ್ಷ ಜನ. 2011ರಲ್ಲಿ ಸುಮಾರು 85 ಲಕ್ಷ. ಹತ್ತೇ ವರ್ಷದಲ್ಲಿ ಬಂದ ಆ ಜನ ಎಲ್ಲೋ ಒಂದು ಕಡೆ ಮಲಗಬೇಕಲ್ಲ.

ಕಾನೂನಿಗೂ ಇದು ಗೊತ್ತಿದೆ. ಅಕ್ರಮ-ಸಕ್ರಮ ಅಂತ 2014ರಲ್ಲಿ ನಿಯಮ ಬಂತು. ವಾಸದ ಮನೆಯಲ್ಲಿ ಅರ್ಧದಷ್ಟು ಉಲ್ಲಂಘನೆಯವರೆಗೆ ದಂಡ ಕಟ್ಟಿಸಿಕೊಂಡು ಒಪ್ಪುವುದು ಅಂತ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಅದೇ ಕೋರ್ಟ್, ಮುಕ್ತಾಯದ ಪ್ರಮಾಣಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂದಿತು. ಆಮೇಲೆ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟುಗಳ ಚಿಕ್ಕ ಮನೆಗಳಿಗೆ ಸಡಿಲ ಕೊಟ್ಟಿತು. ಸಡಿಲ, ಬಿಗಿ, ಮತ್ತೆ ಸಡಿಲ. ಈ ಎಲ್ಲದರಲ್ಲೂ ಮಾತು ಕಟ್ಟಡದ್ದೇ. ರಸ್ತೆಯ ಹೆಸರು ಹೇಳಿದವರನ್ನು ನಾನು ಕಾಣೆ.

ಒಂದು ಕಡೆ ಜನ ಜಾಸ್ತಿ ಇರುವುದೇ ಕಷ್ಟ ಅಂತ ನನಗೆ ಒಪ್ಪಲು ಆಗುವುದಿಲ್ಲ. ಕಾರಣ, ನಾನು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ.

ಒಂದು ಸೈಟಿನಲ್ಲಿ 11 ಮನೆ. ನಡುವೆ ಕಲ್ಲು ಹಾಸಿದ ಅಂಗಳ, ಒಂದು ನಲ್ಲಿ, ಎರಡು ಪಾಯಿಖಾನೆ. ಅದನ್ನು ಸ್ವರ್ಗ ಅನ್ನಲು ನಾನು ಸಿದ್ಧಳಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಕೊಡಗಳ ಸದ್ದು, ಪಾಯಿಖಾನೆ ಮುಂದೆ ಸಾಲು, ಪಕ್ಕದ ಮನೆಯ ಜಗಳವೆಲ್ಲ ನಮ್ಮ ಮನೆಯೊಳಗೆ. ಸ್ವಂತ ಮನೆಗೆ ಬಂದ ಮೊದಲ ದಿನ ಅಮ್ಮ ಅಡುಗೆಮನೆಯ ನಲ್ಲಿ ತಿರುಗಿಸಿ, ಸುಮ್ನೆ ನೀರು ಬೀಳುವುದನ್ನೇ ನೋಡುತ್ತಾ ನಿಂತಿದ್ದಳು. ವಠಾರಕ್ಕೆ ವಾಪಸ್ ಹೋಗು ಅಂದರೆ ಅವಳು ಒಪ್ಪುವುದಿಲ್ಲ.

ಆದರೆ ಅಷ್ಟು ಇಕ್ಕಟ್ಟಿನಲ್ಲೂ ಉಸಿರು ಕಟ್ಟುತ್ತಿರಲಿಲ್ಲ. ಮುಂದಿನ ಬಾಗಿಲಿಂದ ಹೊರಟರೆ ಬೀದಿ. ಹಿಂದಿನ ಬಾಗಿಲಿಂದ ಹೊರಟರೆ ಕನ್ಸರ್ವೆನ್ಸಿ ಗಲ್ಲಿ. ಎಡಕ್ಕೆ ಹೋದರೂ ಬಲಕ್ಕೆ ಹೋದರೂ ನೂರು ಹೆಜ್ಜೆಯಲ್ಲಿ ಒಂದು ಕ್ರಾಸು ಸಿಗುತ್ತಿತ್ತು. ಸ್ಕೂಲಿಗೆ ನಾನು ನಾಲ್ಕು ದಾರಿಯಲ್ಲಿ ಹೋಗಬಹುದಿತ್ತು. ನಾಯಿ ಇರುವ ದಾರಿ ಬಿಟ್ಟು ಇನ್ನು ಮೂರು. ಚಾಮರಾಜಪೇಟೆ 1892ರ ಹೊತ್ತಿಗೆ ಶುರುವಾದ ಬಡಾವಣೆ. 1898ರ ಪ್ಲೇಗ್ ಆದ ಮೇಲೆ ಬಸವನಗುಡಿ, ಮಲ್ಲೇಶ್ವರದ ಕಡೆಗೂ ಜನ ಹೋದರು. ಉದ್ದಕ್ಕೆ ಮೇನು, ಅಡ್ಡಕ್ಕೆ ಕ್ರಾಸು, ಮನೆಗಳ ಬೆನ್ನಿಗೆ ಗಲ್ಲಿ.

ಆ ಗಲ್ಲಿ ಯಾಕೆ ಇತ್ತು ಅನ್ನುವುದನ್ನೂ ಹೇಳಬೇಕು. ಮಲ ಹೊರುವವರು ಮುಂದಿನ ಬೀದಿಗೆ ಬರದೆ ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲಿ ಅಂತ. ಅವರ ಕೈಯಿಂದಲೇ ಊರು ಚೊಕ್ಕಟವಾಗಿತ್ತು, ಅವರಿಗೇ ಮುಂಬಾಗಿಲಿನ ಬೀದಿ ಇರಲಿಲ್ಲ. ಚಿಕ್ಕಂದಿನಲ್ಲಿ ಆ ಗಲ್ಲಿಯಲ್ಲಿ ಗೋಲಿ ಆಡಿದ ನನಗೆ ಇದು ಗೊತ್ತಾದದ್ದು ತುಂಬಾ ತಡವಾಗಿ. ಈಗ ಆ ಗೇಟಿನ ಮುಂದೆ ನಿಂತರೆ ಅದೇ ನೆನಪಾಗುತ್ತದೆ. ಅಲ್ಲಿ ಯಾರನ್ನು ತಡೆಯುತ್ತಾರೆ ಅಂತ ನಾನು ಎರಡು ದಿನ ನಿಂತು ನೋಡಿದೆ. ಕಾರಿನವರು ಹಾರ್ನ್ ಮಾಡಿದರೆ ಗೇಟು ತೆಗೆಯುತ್ತದೆ. ಮನೆಕೆಲಸದ ಹೆಂಗಸರು ಪುಸ್ತಕದಲ್ಲಿ ಹೆಸರು ಬರೆಯಬೇಕು. ಸೊಪ್ಪಿನವಳು ಬುಟ್ಟಿ ಇಳಿಸಿ, ಯಾವ ಮನೆಗೆ ಅಂತ ಹೇಳಬೇಕು. ಸುಮ್ಮನೆ ದಾಟಿ ಹೋಗುವವರಿಗೆ ಹೇಳಲು ಮನೆ ನಂಬರ್ ಇರುವುದಿಲ್ಲವಲ್ಲ, ಅವರಿಗೆ ದಾರಿಯೇ ಇಲ್ಲ.

ಈ ಗೇಟು ಕಾನೂನಿಗೂ ಒಪ್ಪುವಂಥದ್ದಲ್ಲ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಒಂದು ಲೇಔಟಿಗೆ ಮಂಜೂರಾತಿ ಸಿಗಬೇಕಾದರೆ, ಅದರ ರಸ್ತೆ, ಪಾರ್ಕುಗಳನ್ನು ದುಡ್ಡು ತೆಗೆದುಕೊಳ್ಳದೆ ಸ್ಥಳೀಯ ಸಂಸ್ಥೆಗೆ ಬರೆದುಕೊಡಬೇಕು. ಬರೆದುಕೊಟ್ಟ ಮೇಲೆ ಅದು ಊರಿನ ರಸ್ತೆ. ಇಂಥ ಪ್ರಕರಣಗಳಲ್ಲಿ ಹೈಕೋರ್ಟ್ ಕೂಡ ಇದನ್ನೇ ಹೇಳಿದೆ. ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗಿನ ಡ್ರೈವ್‌ವೇ ಬೇರೆ ವಿಷಯ, ಅದು ಅವರದೇ ಜಾಗ. ಸೈಟ್ ಮಾಡಿ ಮಾರಿದ ಲೇಔಟಿನ ರಸ್ತೆ ಹಾಗಲ್ಲ. ಸೈಟು ಕೊಂಡವರು ಸೈಟಿಗೆ ಯಜಮಾನರು. ರಸ್ತೆಗೆ ಎಲ್ಲರೂ.

ಆದರೂ ಬೆಂಗಳೂರಿನ ಅಂಚಿನಲ್ಲಿ ಇಷ್ಟೊಂದು ರಸ್ತೆಗಳು ಗೋಡೆಗೆ ಹೋಗಿ ಯಾಕೆ ನಿಲ್ಲುತ್ತವೆ? ಎಲ್ಲ ಕಡೆ ಗೇಟೇ ಕಾರಣ ಅಲ್ಲ. ಜಯನಗರ 1948ರಲ್ಲಿ ಶುರುವಾದಾಗ ಒಂದೇ ಸಂಸ್ಥೆ ಇಡೀ ಜಾಗ ಹಿಡಿದು, ಒಂದೇ ನಕ್ಷೆ ಹಾಕಿತು. ಇವತ್ತಿಗೂ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಬಡಾವಣೆ ಮಾಡಿದರೆ 15% ಪಾರ್ಕು-ಆಟದ ಮೈದಾನಕ್ಕೆ, ಇನ್ನೊಂದು 10% ಸಾರ್ವಜನಿಕ ಸೌಲಭ್ಯಗಳ ಸಿಎ ಸೈಟಿಗೆ ಬಿಡಲೇಬೇಕು. ನಮ್ಮ ಕಡೆ ಆದದ್ದು ಹೀಗಲ್ಲ. ಒಬ್ಬ ರೈತ ಎರಡು ಎಕರೆ ಕೊಟ್ಟ, ಅಲ್ಲೊಂದು ಲೇಔಟ್. ಪಕ್ಕದವನು ಐದು ವರ್ಷ ಬಿಟ್ಟು ಮೂರು ಎಕರೆ ಕೊಟ್ಟ, ಅಲ್ಲಿ ಇನ್ನೊಂದು. ಒಂದಕ್ಕೆ ಮಂಜೂರಾತಿ ಇದೆ, ಇನ್ನೊಂದು ರೆವಿನ್ಯೂ ಸೈಟು. ಸರ್ವೆ ನಂಬರ್ ಮುಗಿದ ಕಡೆ ರಸ್ತೆಯೂ ಮುಗಿಯುತ್ತದೆ. ಇವನ 30 ಅಡಿ ರಸ್ತೆ ಅವನ 20 ಅಡಿ ರಸ್ತೆಗೆ ಮುಖ ಕೊಡುವುದಿಲ್ಲ. ನಡುವೆ ಒಂದು ಕಾಂಪೌಂಡು, ಅದರ ಮೇಲೆ ಗಾಜಿನ ಚೂರು.

ಹಳ್ಳಿಗೆ ಮಾತ್ರ ದಾರಿ ಇತ್ತು. ಒಂದು ರಾತ್ರಿ ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪಿನಲ್ಲಿ ನಮ್ಮ ಸರ್ವೆ ನಂಬರ್ ನೋಡಿ, ಆಮೇಲೆ ಹಳೆಯ ಗ್ರಾಮ ನಕ್ಷೆ ತೆಗೆದೆ. ತುಂಡು ತುಂಡು ಗೆರೆಯಲ್ಲಿ ಒಂದು ಬಂಡಿದಾರಿ. ಕೆರೆಯ ಕಡೆಯಿಂದ ಬಂದು, ಈಗ ನಮ್ಮ ಕ್ರಾಸು ಇರುವ ಕಡೆ ತಿರುಗಿ, ಸರಿಯಾಗಿ ಆ ಗೇಟಿರುವ ಜಾಗ ದಾಟಿ ಮೇನ್ ರೋಡಿಗೆ ಸೇರುತ್ತದೆ. ಇಂಥ ಬಂಡಿದಾರಿ, ಕಾಲುದಾರಿಗಳು ಪಹಣಿಯಲ್ಲಿ ಬಿ ಖರಾಬು. ಯಾರ ಸ್ವಂತವೂ ಅಲ್ಲ. ರಾಗಿ ಹೊರೆ ಹೊತ್ತ ಗಾಡಿಗಳು ಹೋಗುತ್ತಿದ್ದ ದಾರಿಯನ್ನೇ ಲೇಔಟಿನವರು ರಸ್ತೆ ಮಾಡಿಕೊಂಡಿದ್ದರು. ಹೊಂಗೆ ಮರಗಳ ಕೆಳಗೆ ಅಮ್ಮ ನಡೆದದ್ದು ಅದರಲ್ಲೇ.

ಮನೆಗಳು ಒತ್ತೊತ್ತಾದಷ್ಟೂ ದಾರಿಗಳೂ ಜಾಸ್ತಿಯಾಗಬೇಕು. ನಮ್ಮಲ್ಲಿ ಒಂದು ಏರುತ್ತಿದೆ, ಇನ್ನೊಂದು ಇಳಿಯುತ್ತಿದೆ. 120 ಮನೆಗೆ ಇದ್ದ ಎರಡು ಬಾಯಿಯಲ್ಲಿ ಒಂದು ಮುಚ್ಚಿದರೆ ಎಲ್ಲ ಗಾಡಿಯೂ ಉಳಿದ ಒಂದರಲ್ಲೇ ನುಗ್ಗುತ್ತದೆ. ಆ ಹಿರಿಯರು ಹೇಳಿದ ಪಾರ್ಕಿಂಗ್ ಕಷ್ಟ ನಿಜ. ಅದಕ್ಕೆ ರಾತ್ರಿ ಹೊತ್ತು ಹೊರಗಿನ ಕಾರು ನಿಲ್ಲಿಸದಂತೆ ಮಾಡಲಿ, ಗಾಡಿ ವೇಗ ಇಳಿಸಲು ಹಂಪ್ ಹಾಕಿಸಲಿ. ನಮ್ಮ ಬೀದಿಯವರೂ ಕಾರು ನಿಲ್ಲಿಸಲೆಂದೇ ಇರುವ ಸ್ಟಿಲ್ಟ್‌ನಲ್ಲಿ ಕಟ್ಟಿಕೊಂಡ ರೂಮು ಒಡೆದು ಕಾರು ಒಳಗೆ ನಿಲ್ಲಿಸಬೇಕು. ಈ ಮಾತು ನಮ್ಮವರಿಗೂ ಹೇಳಿದ್ದೇನೆ. ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕಾರಿನ ಮೇಲಿನ ಸಿಟ್ಟಿಗೆ ನಡೆಯುವವರ ದಾರಿ ಹೋಗಬಾರದು ಅಷ್ಟೇ.

2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು. ಹೊಸ ಮಾಸ್ಟರ್ ಪ್ಲಾನ್ ಇವತ್ತಲ್ಲ ನಾಳೆ ಬರಲೇಬೇಕು. ಹಣ ಕಟ್ಟಿ ಹೆಚ್ಚು ಮಹಡಿ ಪಡೆಯುವ ಪ್ರೀಮಿಯಂ ಎಫ್‌ಎಆರ್ ಮಾತೂ ಜೋರಾಗಿದೆ. ಆಕ್ಷೇಪಣೆ ಕರೆದಾಗ ಬರೆಯಲು ನಾನು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ರಸ್ತೆಯ ಅಗಲ ಅಳೆಯುವಾಗ ಜನ ನಡೆಯಲು ಉಳಿದಿರುವ ಅಗಲವನ್ನೂ ಬರೆಯಿರಿ ಅಂತ ಒಂದು ಸಾಲು. ಲೇಔಟಿಗೆ ಮಂಜೂರಾತಿ ಕೊಡುವ ಮುಂಚೆ ಗ್ರಾಮ ನಕ್ಷೆಯ ಬಂಡಿದಾರಿ ಎಲ್ಲಿ ಹೋಯಿತು ಅಂತ ಕೇಳಿರಿ, ಪಕ್ಕದ ಸರ್ವೆ ನಂಬರಿನ ರಸ್ತೆಗೆ ಸೇರದೆ ಒಂದು ರಸ್ತೆಯನ್ನೂ ಬಿಡಬೇಡಿ ಅಂತ ಇನ್ನೊಂದು. ಪ್ರೀಮಿಯಂ ದುಡ್ಡು ಆ ಬೀದಿಯ ಮೋರಿಗೆ, ಫುಟ್‌ಪಾತಿಗೇ ಹೋಗಲಿ ಅಂತ ಮತ್ತೊಂದು. ಅಮ್ಮ ಓದಿ, "ಕೂರೋಕೆ ಒಂದು ಕಲ್ಲುಬೆಂಚು ಅಂತಲೂ ಬರಿ" ಅಂದಳು. ಬರೆದಿದ್ದೇನೆ.

ಗೇಟಿನ ಬಗ್ಗೆ ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು. ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿದ್ದೆ. ಸ್ಥಳ ನೋಡಲು ಬರುತ್ತೇವೆ ಅಂದಿದ್ದಾರೆ. ಅಮ್ಮ ಶನಿವಾರಗಳಲ್ಲಿ ಸುತ್ತು ದಾರಿಯಲ್ಲೇ ಹೋಗುತ್ತಾಳೆ. ಅರ್ಧ ದಾರಿಯಲ್ಲಿ ಒಂದು ಬೈಕ್ ಮೆಕ್ಯಾನಿಕ್ ಅಂಗಡಿ ಇದೆ. ಅಲ್ಲಿನ ಹುಡುಗ ಅವಳು ಬರುವುದು ಕಂಡರೆ ಸ್ಟೂಲ್ ಮೇಲಿನ ಸ್ಪ್ಯಾನರುಗಳನ್ನೆಲ್ಲ ಎತ್ತಿಟ್ಟು, ಗ್ರೀಸ್ ಒರೆಸಿ, ಅಂಗಡಿಯ ನೆರಳಿಗೆ ಎಳೆದು ಇಡುತ್ತಾನೆ.